ಕಬ್ಬಿಣದಂಗಡಿಯ ಉದ್ರಿ ಪುಸ್ತಕ: ಪೂರ್ವ ಆಫ್ರಿಕಾದ ಗುಜರಾತಿ ವಲಸೆ ಮನೆತನಗಳ ವ್ಯಾಪಾರ ಚರಿತ್ರೆ



ವ್ಯಾಪಾರದ ಇತಿಹಾಸವೆಂದರೆ ನಾವು ಸಾಮಾನ್ಯವಾಗಿ ಬಂದರುಗಳ ಬಗ್ಗೆ, ಕಂಪನಿಗಳ ಬಗ್ಗೆ, ಹಡಗುಗಳ ಬಗ್ಗೆ ಓದುತ್ತೇವೆ. ಬಂದರಿನಲ್ಲಿ ಇಳಿದ ಒಂದು ಪೆಟ್ಟಿಗೆ ಮೊಳೆ ಐನೂರು ಮೈಲಿ ಒಳನಾಡಿನ ರೈತನ ಕೈಗೆ ಹೇಗೆ ತಲುಪಿತು, ಅವನು ಅದಕ್ಕೆ ಯಾವಾಗ ದುಡ್ಡು ಕೊಟ್ಟ, ಕೊಡಲಾಗದಿದ್ದಾಗ ಏನಾಯಿತು ಎಂಬುದು ಪಠ್ಯಪುಸ್ತಕಗಳಲ್ಲಿ ಸಿಗುವುದಿಲ್ಲ. ಹಾಗಾಗಿ ಇಂದಿನ ಉಪನ್ಯಾಸಕ್ಕೆ ಒಂದು ಅಂಗಡಿಯನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ. ಅದು ಕೀನ್ಯಾ ಮತ್ತು ಉಗಾಂಡದ ಸಣ್ಣ ಊರುಗಳಲ್ಲಿ ಗುಜರಾತಿನಿಂದ ಹೋದ ಕುಟುಂಬಗಳು ನಡೆಸಿದ ಕಬ್ಬಿಣದಂಗಡಿ. ಇಂದಿನ ಮಾತಿನಲ್ಲಿ ಹಾರ್ಡ್‌ವೇರ್ ಅಂಗಡಿ. ಅಲ್ಲಿನ ಜನ ಇಂಥ ಅಂಗಡಿಗೆ ದುಕಾ ಎಂದೂ, ಅಂಗಡಿಯವನಿಗೆ ದುಕಾವಾಲಾ ಎಂದೂ ಕರೆದರು.

ನಾನು ಒಂದೇ ಮನೆತನದ ವಂಶಾವಳಿಯನ್ನು ಹೇಳಲು ಹೊರಟಿಲ್ಲ. ನೂರಾರು ಮನೆತನಗಳು ಒಂದೇ ಅಚ್ಚಿನ ಬದುಕನ್ನು ಬದುಕಿದವು. ಆ ಬದುಕಿನ ಮೂರು ಮುಖಗಳನ್ನು ನಿಮ್ಮ ಮುಂದಿಡುತ್ತೇನೆ. ಮೊದಲನೆಯದು, ಈ ಅಂಗಡಿ ಅಲ್ಲಿಗೆ ಬಂದ ಬಗೆ. ಎರಡನೆಯದು, ಅಂಗಡಿಯ ಒಳಗೆ ನಡೆದದ್ದು, ಅಂದರೆ ಸರಕು, ಸಂಸಾರ ಮತ್ತು ಉದ್ರಿ. ಮೂರನೆಯದು, ಕಾನೂನು ಈ ಅಂಗಡಿಯನ್ನು ಕಟ್ಟಿದ ಮತ್ತು ಕೆಡವಿದ ಕಥೆ.

ಮೊದಲು, ಬಂದ ಬಗೆ.

ಮಾಂಡವಿ, ಪೋರಬಂದರಗಳಿಂದ ಹಾಯಿಹಡಗುಗಳು ಈಶಾನ್ಯ ಮಾರುತದ ಬೆನ್ನೇರಿ ಜಾಂಜಿಬಾರಿಗೆ ಹೋಗುವುದು, ಗಾಳಿ ತಿರುಗಿದಾಗ ಹಿಂದಿರುಗುವುದು ಶತಮಾನಗಳ ರೂಢಿ. ಆದರೆ ಕರಾವಳಿಯ ಕಛೀ ವ್ಯಾಪಾರಿ ಒಳನಾಡಿಗೆ ಹೋಗಿ ಬೇರೂರಿದ್ದು ರೈಲಿನ ನಂತರ. ಮೊಂಬಾಸಾದಿಂದ ಉಗಾಂಡ ರೈಲ್ವೆಯ ಕೆಲಸ 1896ರಲ್ಲಿ ಆರಂಭವಾಯಿತು. 1901ರ ಕೊನೆಗೆ ಹಳಿಗಳು ವಿಕ್ಟೋರಿಯಾ ಸರೋವರದ ದಡವನ್ನು, ಇಂದಿನ ಕಿಸುಮುವನ್ನು ಮುಟ್ಟಿದವು. ಆ ಕೆಲಸಕ್ಕಾಗಿ ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರಾರಿನ ಮೇಲೆ ಒಯ್ದರು. ಅವರಲ್ಲಿ ಸುಮಾರು 2,500 ಮಂದಿ ಸತ್ತರು. ಕರಾರು ಮುಗಿದ ಮೇಲೆ ಅಲ್ಲೇ ಉಳಿದವರು 6,700ರಷ್ಟು ಮಂದಿ.

ಇಲ್ಲಿ ಬಹಳ ಕಡೆ ಕೇಳಿಬರುವ ಒಂದು ತಪ್ಪು ಗ್ರಹಿಕೆಯನ್ನು ತಿದ್ದಬೇಕು. ಪೂರ್ವ ಆಫ್ರಿಕಾದ ಭಾರತೀಯ ಅಂಗಡಿಕಾರರೆಲ್ಲ ರೈಲ್ವೆ ಕೂಲಿಗಳ ಮಕ್ಕಳು ಎನ್ನುತ್ತಾರೆ. ಹಾಗಲ್ಲ. ಕೂಲಿಗಳಲ್ಲಿ ಹೆಚ್ಚಿನವರು ಪಂಜಾಬಿನವರು. ಅಂಗಡಿಕಾರರಲ್ಲಿ ಹೆಚ್ಚಿನವರು ಕಛ್, ಸೌರಾಷ್ಟ್ರ ಮತ್ತು ಚರೋತರ ಸೀಮೆಯವರು. ಲೋಹಾಣರು, ಪಟೇಲರು, ಇಸ್ಮಾಯಿಲಿ ಖೋಜಾಗಳು, ದಾವೂದಿ ಬೋಹರಾಗಳು, ಜಾಮ್‌ನಗರದ ಸುತ್ತಿನ ಹಳ್ಳಿಗಳ ಓಸ್ವಾಲ ಜೈನರು. ಅವರು ಯಾರ ಕರಾರಿಗೂ ಸಿಕ್ಕಿಬಿದ್ದು ಹೋದವರಲ್ಲ, ಸ್ವಂತ ಖರ್ಚಿನಲ್ಲಿ ಹೋದವರು. ಊರು ಬಿಡಿಸಿದ ಕಾರಣಗಳಲ್ಲಿ ದೊಡ್ಡದು 1899–1900ರ ಬರಗಾಲ. ವಿಕ್ರಮ ಸಂವತ್ 1956ರಲ್ಲಿ ಬಂದದ್ದರಿಂದ ಗುಜರಾತಿನಲ್ಲಿ ಅದಕ್ಕೆ ಛಪ್ಪನಿಯೊ ಎಂಬ ಹೆಸರು ಇಂದಿಗೂ ಉಳಿದಿದೆ.

ಹೋದವರಿಗೆ ಅಲ್ಲಿ ಪರಿಚಿತವಾದ ಒಂದು ವಸ್ತು ಕಾದಿತ್ತು: ರೂಪಾಯಿ. 1920ರವರೆಗೆ ಬ್ರಿಟಿಷ್ ಪೂರ್ವ ಆಫ್ರಿಕಾದ ಚಲಾವಣೆ ನಾಣ್ಯ ಭಾರತದ ರೂಪಾಯಿಯೇ. 1900ರ ಬುಗಾಂಡ ಒಪ್ಪಂದ ಪ್ರತಿ ಗುಡಿಸಲಿಗೆ ವರ್ಷಕ್ಕೆ 3 ರೂಪಾಯಿ ತೆರಿಗೆ ಹಾಕಿತು. ತೆರಿಗೆಗೆ ದುಡ್ಡು ಬೇಕು, ದುಡ್ಡಿಗಾಗಿ ಹತ್ತಿ ಬೆಳೆಯಬೇಕು ಇಲ್ಲವೆ ಕೂಲಿಗೆ ಹೋಗಬೇಕು. ಹತ್ತಿ ಬೆಳೆಯಲು ಗುದ್ದಲಿ ಬೇಕು. ಗುದ್ದಲಿ ಮಾರುವವನು, ಹತ್ತಿ ಕೊಳ್ಳುವವನು, ರೂಪಾಯಿ ಎಣಿಸಿ ಕೊಡುವವನು ಬಹಳಷ್ಟು ಕಡೆ ಒಬ್ಬನೇ ಆಗಿದ್ದ. ಅಂಗಡಿಯ ಚರಿತ್ರೆ ಅರ್ಥವಾಗಬೇಕಾದರೆ ಈ ಕೊಂಡಿಯನ್ನು ಮರೆಯಬಾರದು.

ಈ ಅಂಗಡಿಗಳ ಜಾಲದ ಮೊದಲ ದೊಡ್ಡ ಹೆಸರು ಅಲ್ಲಿದಿನ ವಿಶ್ರಾಮ್. ಕಛ್‌ನ ಕೆರಾ ಎಂಬ ಊರಿನಲ್ಲಿ 1851ರಲ್ಲಿ ಹುಟ್ಟಿ, ಹನ್ನೆರಡರ ಹುಡುಗನಾಗಿ ಜಾಂಜಿಬಾರಿಗೆ ಬಂದವರು. ರೈಲಿನ ಹಳಿ ಮುಂದೆ ಸಾಗಿದ ಹಾಗೆ ಅವರ ಅಂಗಡಿಗಳೂ ಮುಂದೆ ಸಾಗಿದವು. 1916ರಲ್ಲಿ ಅವರು ತೀರಿಕೊಂಡಾಗ ಅವರ ಹೆಸರಿನ ಅಂಗಡಿಗಳು ಕೀನ್ಯಾ, ಉಗಾಂಡಗಳ ಉದ್ದಕ್ಕೂ ಇದ್ದವು. ಮೊಂಬಾಸಾದಲ್ಲಿ ಅವರ ಹೆಸರಿನ ಪ್ರೌಢಶಾಲೆ ಇಂದಿಗೂ ಇದೆ. ಆದರೆ ನನಗೆ ಮುಖ್ಯವಾಗಿ ಕಾಣುವುದು ಅವರ ಸಂಪತ್ತಲ್ಲ, ಅವರು ರೂಢಿಗೆ ತಂದ ಕ್ರಮ. ಊರಿನಿಂದ ಒಬ್ಬ ಹುಡುಗನನ್ನು ಕರೆಸುವುದು, ಅನ್ನ ಬಟ್ಟೆ ಕೊಟ್ಟು ಕೆಲವು ವರ್ಷ ಅಂಗಡಿಯಲ್ಲಿ ದುಡಿಸುವುದು, ಕೆಲಸ ಕಲಿತ ಮೇಲೆ ಅವನಿಗೆ ಉದ್ರಿ ಸರಕು ಕೊಟ್ಟು ಮುಂದಿನ ಊರಿಗೆ ಕಳಿಸುವುದು. ಅವನು ತನ್ನ ತಮ್ಮನನ್ನೋ ಅಕ್ಕನ ಮಗನನ್ನೋ ಕರೆಸುತ್ತಿದ್ದ. ಮುಂದೆ ಸಕ್ಕರೆ ಉದ್ಯಮದಲ್ಲಿ ಹೆಸರಾದ ಮುಲ್ಜಿಭಾಯಿ ಮಾಧ್ವಾನಿ ಕೂಡ 1908ರಲ್ಲಿ ಹದಿಹರೆಯದ ಹುಡುಗನಾಗಿ ಉಗಾಂಡಕ್ಕೆ ಬಂದು, ಬಂಧುಗಳ ಅಂಗಡಿಯಲ್ಲಿ ದುಡಿಯುತ್ತ ವ್ಯಾಪಾರ ಕಲಿತವರೇ. ಅವರ ಕಾಕಿರಾ ಸಕ್ಕರೆ ಕಾರ್ಖಾನೆ ಆರಂಭವಾದದ್ದು 1930ರಲ್ಲಿ. ಆದರೆ ಹುಡುಗರಾಗಿ ಬಂದವರಲ್ಲಿ ಕಾರ್ಖಾನೆ ಕಟ್ಟಿದವರು ಬೆರಳೆಣಿಕೆಯಷ್ಟು. ಉಳಿದವರು ಆಯುಷ್ಯವಿಡೀ ಅಂಗಡಿಯಲ್ಲೇ ಉಳಿದರು. ಇಂದಿನ ಮಾತು ಅವರನ್ನು ಕುರಿತದ್ದು.

ಈಗ ಅಂಗಡಿಯ ಒಳಗೆ ಬರೋಣ.

ಆರಂಭದಲ್ಲಿ ಪ್ರತ್ಯೇಕ ಕಬ್ಬಿಣದಂಗಡಿ ಎಂಬುದಿರಲಿಲ್ಲ. ಉಪ್ಪು, ಸೀಮೆಎಣ್ಣೆ, ಅಮೆರಿಕಾನಿ ಎನ್ನುತ್ತಿದ್ದ ಒರಟು ಬಟ್ಟೆ, ಮಣಿಸರ, ಗುದ್ದಲಿ, ಎಲ್ಲವೂ ಒಂದೇ ಸೂರಿನಡಿ. ಊರು ಬೆಳೆದ ಹಾಗೆ ಒಬ್ಬ ತಮ್ಮ ಬಟ್ಟೆಗೆ, ಇನ್ನೊಬ್ಬ ಕಬ್ಬಿಣಕ್ಕೆ ಎಂದು ಅಂಗಡಿಗಳು ಬೇರೆಯಾದವು. ಕಬ್ಬಿಣ, ತಗಡು, ಗಾಜು, ಪಾತ್ರೆಗಳ ವ್ಯಾಪಾರದಲ್ಲಿ ಬೋಹರಾ ಮನೆತನಗಳು ವಿಶೇಷವಾಗಿ ನೆಲೆನಿಂತವು.

ಅಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆಬಾಳುವ ಸರಕು ಅಲೆಅಲೆಯಾಗಿ ಮಡಿಸಿದ, ಸತು ಲೇಪಿಸಿದ ತಗಡು. ಸ್ವಾಹಿಲಿಯಲ್ಲಿ ಅದು ಮಬಾಟಿ. ಹುಲ್ಲಿನ ಚಾವಣಿಯನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಅದು ಸೋರುತ್ತದೆ, ಹತ್ತಿಕೊಳ್ಳುತ್ತದೆ, ಇಲಿ ಹಾವು ಸೇರುತ್ತವೆ. ತಗಡು ಹೊದಿಸಿದವನು ಒಂದು ತಲೆಮಾರಿನ ಮಟ್ಟಿಗೆ ನಿಶ್ಚಿಂತ. ಅದರ ಮೇಲೆ ಬಿದ್ದ ಮಳೆನೀರನ್ನು ಹಂಡೆಗೆ ಹಿಡಿದರೆ ಹೆಂಗಸರಿಗೆ ಹೊಳೆಯಿಂದ ನೀರು ಹೊರುವ ಕೆಲಸ ಅಷ್ಟರಮಟ್ಟಿಗೆ ತಪ್ಪುತ್ತದೆ. ತಗಡಿನ ಮನೆಯೆಂದರೆ ಊರಿನಲ್ಲಿ ಮರ್ಯಾದೆ. ಅದನ್ನು ಗೇಜಿನ ಲೆಕ್ಕದಲ್ಲಿ ಮಾರುತ್ತಾರೆ: 28, 30, 32. ಅಂಕಿ ದೊಡ್ಡದಾದಷ್ಟೂ ತಗಡು ತೆಳ್ಳಗೆ. ಓದು ಬಾರದ ಗಿರಾಕಿಗೆ 32ರ ತಗಡನ್ನು 30 ಎಂದು ಮಾರುವುದು ಸುಲಭ. ಹಾಗೆ ಮಾರಿದವರೂ ಇದ್ದರು. ಆದರೆ ಸಣ್ಣ ಊರಿನಲ್ಲಿ ಆ ತಗಡು ಮಾರಿದವನ ಕಣ್ಣೆದುರೇ ವರ್ಷಗಟ್ಟಲೆ ಮಳೆಬಿಸಿಲಿಗೆ ನಿಂತಿರುತ್ತದೆ. ತುಕ್ಕು ಹಿಡಿದರೆ ಎಲ್ಲರಿಗೂ ಕಾಣುತ್ತದೆ. ಬಟ್ಟೆ ವ್ಯಾಪಾರಿಗಿಲ್ಲದ ಒಂದು ಕಟ್ಟುಪಾಡು ಕಬ್ಬಿಣದವನಿಗೆ ಹೀಗೆ ಸರಕಿನಿಂದಲೇ ಬಂತು.

ತಗಡಿನ ನಂತರ ಗುದ್ದಲಿ. ಅಗಲ ಅಲಗಿನ ಆ ಗುದ್ದಲಿಗೆ ಅಲ್ಲಿ ಜೆಂಬೆ ಎನ್ನುತ್ತಾರೆ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಚಿಲ್ಲಿಂಗ್ಟನ್ ಕಂಪನಿಯ ಮೊಸಳೆ ಗುರುತಿನ ಜೆಂಬೆ ಎಷ್ಟು ಹೆಸರಾಗಿತ್ತೆಂದರೆ, ಅಕ್ಷರ ಬಾರದ ರೈತ ಮೊಸಳೆಯ ಚಿತ್ರವನ್ನು ನೋಡಿಯೇ ಕೊಳ್ಳುತ್ತಿದ್ದ. ಆಮೇಲೆ ಪಂಗಾ ಎಂಬ ಉದ್ದ ಮಚ್ಚು, ಲಾಟೀನು, ಬೀಗ, ಬಿಜಾಗರಿ, ಚಿಲಕ, ಮುಳ್ಳುತಂತಿ, ಹಿಡಿ ಇಲ್ಲದ ಸುಫುರಿಯಾ ಪಾತ್ರೆ. ಮೊಳೆಯನ್ನು ಪೆಟ್ಟಿಗೆಗಟ್ಟಲೆ ಕೊಂಡು ಹಿಡಿಗಟ್ಟಲೆ ಮಾರಬೇಕು. ಇಡೀ ಬಾಗಿಲಿಗೆ ದುಡ್ಡಿಲ್ಲದವನಿಗೆ ಒಂದೇ ಬಿಜಾಗರಿಯನ್ನೂ ಕೊಡಬೇಕು. ಸಗಟನ್ನು ಬಡವನ ಕೈಗೆಟಕುವಷ್ಟು ಚಿಕ್ಕದಾಗಿ ಒಡೆಯುವುದೇ ದುಕಾವಾಲಾನ ನಿಜವಾದ ಕಸಬು. ಅವನನ್ನು ಹೊಗಳುವವರೂ ತೆಗಳುವವರೂ ಈ ಕೆಲಸವನ್ನು ಕಡೆಗಣಿಸಿದ್ದಾರೆಂದು ನನ್ನ ಅಭಿಪ್ರಾಯ.

ನಮ್ಮ ನಾಡಿಗೂ ಇಲ್ಲಿ ಒಂದು ಪಾಲಿದೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತಷ್ಟೆ. ನೇತ್ರಾವತಿ ದಂಡೆಯ ಆವೆಮಣ್ಣಿನಿಂದ ಮಾಡಿದ ಮಂಗಳೂರು ಹಂಚು ಅರಬ್ಬೀ ಸಮುದ್ರ ದಾಟಿ ಪೂರ್ವ ಆಫ್ರಿಕಾಕ್ಕೂ ಹೋಯಿತು. ಅನುಕೂಲವಂತರ ಬಂಗಲೆ, ಶಾಲೆ, ಪ್ರಾರ್ಥನಾ ಮಂದಿರಗಳಿಗೆ ಹಂಚು, ಹಳ್ಳಿಯವನಿಗೆ ತಗಡು. ಒಡೆಯುವ ಭಾರದ ಹಂಚನ್ನು ಒಳನಾಡಿಗೆ ಸಾಗಿಸುವುದಕ್ಕಿಂತ ಒಂದರ ಮೇಲೊಂದು ಪೇರಿಸಿದ ತಗಡನ್ನು ಸಾಗಿಸುವುದು ಎಷ್ಟೋ ಅಗ್ಗ.

ಅಂಗಡಿಯ ಕಟ್ಟಡವೂ ಬಹುಮಟ್ಟಿಗೆ ತಗಡಿನದೇ. ಮುಂದೆ ಜಗಲಿ, ಜಗಲಿಯ ಮೇಲೆ ಹೊಲಿಗೆ ಯಂತ್ರವಿಟ್ಟುಕೊಂಡ ದರ್ಜಿ, ಒಳಗೆ ಕಟ್ಟೆ, ಕಟ್ಟೆಯ ಹಿಂದೆ ಸರಕು, ಅದರ ಹಿಂದಿನ ಬಾಗಿಲು ದಾಟಿದರೆ ಸಂಸಾರ. ಬೆಳಿಗ್ಗೆ ಬಾಗಿಲು ತೆರೆದರೆ ಕತ್ತಲಾಗುವವರೆಗೂ ಯಾರಾದರೂ ಒಬ್ಬರು ಕಟ್ಟೆಯ ಹಿಂದೆ ಇರಲೇಬೇಕು. ಯಜಮಾನ ಸರಕಿಗೆ ಕಿಸುಮುವಿಗೋ ಕಂಪಾಲಕ್ಕೋ ಹೋದ ದಿನ ಹೆಂಡತಿ ತಗಡು ಎಣಿಸಿ ಕೊಡುತ್ತಿದ್ದಳು, ಮೊಳೆ ತೂಗುತ್ತಿದ್ದಳು. ಊರಿನಲ್ಲಿ ಹೊಸ್ತಿಲು ದಾಟದೆ ಬೆಳೆದ ಹೆಣ್ಣುಮಕ್ಕಳು ಇಲ್ಲಿಗೆ ಬಂದು ಸ್ವಾಹಿಲಿಯಲ್ಲಿ, ಲುಗಾಂಡದಲ್ಲಿ, ಲುವೊ ಭಾಷೆಯಲ್ಲಿ ಚೌಕಾಸಿ ಮಾಡಿದರು. ದುಡಿದದ್ದಕ್ಕೆ ಅವರ ಹೆಸರಿನಲ್ಲಿ ಒಂದು ಪೈಯನ್ನೂ ಕಿರ್ದಿಯಲ್ಲಿ ಬರೆಯಲಿಲ್ಲ. ಕುಟುಂಬದ ಅಂಗಡಿ ಎಂಬ ಸಂಸ್ಥೆ ಎಲ್ಲಿ ಗೆದ್ದಿದ್ದರೂ ಹೀಗೆ ಸಂಬಳ ಕಾಣದ ಕೈಗಳಿಂದಲೇ ಗೆದ್ದದ್ದು. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಮನೆತನದ ಚರಿತ್ರೆಗಳಲ್ಲಿ ಸ್ಥಾಪಕರ ಭಾವಚಿತ್ರಗಳು ಮಾತ್ರ ಇರುತ್ತವೆ.

ಸಂಬಳ ಪಡೆದ ಇನ್ನೊಂದು ಜೊತೆ ಕೈಗಳೂ ಅಲ್ಲಿದ್ದವು. ಲಾರಿಯಿಂದ ಸರಕು ಇಳಿಸುವ, ತಗಡು ಕತ್ತರಿಸುವ, ಯಾವ ಅಳತೆಯ ತಿರುಪು ಯಾವ ಡಬ್ಬಿಯಲ್ಲಿದೆಯೆಂದು ಬಲ್ಲ ಆಫ್ರಿಕನ್ ಸಹಾಯಕರು. ಇಪ್ಪತ್ತು ಮೂವತ್ತು ವರ್ಷ ದುಡಿದವರೂ ಪಾಲುದಾರರಾದದ್ದು ಅಪರೂಪ. ಊರಿನಿಂದ ಬಂದ ಸೋದರಳಿಯ ಐದೇ ವರ್ಷದಲ್ಲಿ ಸ್ವಂತ ಅಂಗಡಿ ಹಾಕುತ್ತಿದ್ದ. ಈ ಸಹಾಯಕ ಸಹಾಯಕನಾಗಿಯೇ ಉಳಿಯುತ್ತಿದ್ದ. ಕುಟುಂಬ, ಜಾತಿ, ಪಂಥಗಳ ನಂಬಿಕೆಯ ಮೇಲೆ ನಡೆದ ವ್ಯಾಪಾರ ಆ ವೃತ್ತದ ಆಚೆಗೆ ನಂಬಿಕೆಯನ್ನು ಚಾಚಲಿಲ್ಲ. ಊರಿನ ಪ್ರತಿ ಮನೆಯ ಚಾವಣಿಯ ಅಳತೆ ಗೊತ್ತಿದ್ದವರು ಆ ಮನೆಯವರನ್ನು ತಮ್ಮ ಹಿಂಬಾಗಿಲಿನಾಚೆಗೆ ಊಟಕ್ಕೆ ಕರೆಯಲಿಲ್ಲ. ಈ ದೂರವನ್ನು ಮರೆಮಾಚಿ ಬರೆದ ಸಾಹಸಗಾಥೆಗಳು ನನಗೆ ಒಪ್ಪಿಗೆಯಿಲ್ಲ.

ಇನ್ನು ಉದ್ರಿಯ ವಿಚಾರ. ಇಡೀ ಉಪನ್ಯಾಸದ ತಿರುಳು ಇದೇ ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ.

ಸಕ್ಕರೆ ಉಪ್ಪಿಗೆ ಗಿರಾಕಿ ವಾರವಾರವೂ ಬರುತ್ತಾನೆ. ಕಬ್ಬಿಣದಂಗಡಿಗೆ ಬರುವುದು ಮನೆ ಕಟ್ಟುವಾಗ, ಮಗನಿಗೆ ಮದುವೆ ಮಾಡುವಾಗ, ಬಿತ್ತನೆಗೆ ಮುಂಚೆ. ಅವನಿಗೆ ಬೇಕಾದಾಗ ದುಡ್ಡಿರುವುದಿಲ್ಲ. ದುಡ್ಡು ಬರುವುದು ಹತ್ತಿ, ಜೋಳ, ಕಾಫಿ ಮಾರಿದ ಮೇಲೆ. ಹೀಗಾಗಿ ಸರಕು ಮೊದಲು, ಹಣ ಸುಗ್ಗಿಗೆ. ಅಂಗಡಿಯವನಿಗೂ ಮೊಂಬಾಸಾದ ಸಗಟು ವ್ಯಾಪಾರಿ ಉದ್ರಿಯ ಮೇಲೆಯೇ ಸರಕು ಕೊಟ್ಟಿರುತ್ತಿದ್ದ. ಅವನಿಗೆ ಮುಂಬಯಿಯವರೋ ಇಂಗ್ಲೆಂಡಿನವರೋ ಕೊಟ್ಟಿರುತ್ತಿದ್ದರು. ಒಂದು ಹಂಗಾಮು ಮಳೆ ಕೈಕೊಟ್ಟರೆ ಕೊನೆಯ ಹಳ್ಳಿಯಿಂದ ಬಂದರಿನವರೆಗೆ ಈ ಸರಪಳಿ ಬಿಗಿಯುತ್ತಿತ್ತು. ವಸೂಲಾಗದ ಉದ್ರಿಯಿಂದ ಮುಳುಗಿದ ಅಂಗಡಿಗಳು ಲೆಕ್ಕವಿಲ್ಲ. ಗೆದ್ದವರ ಚರಿತ್ರೆಯಷ್ಟೇ ನಮಗೆ ಸಿಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಗುಜರಾತಿ ಲಿಪಿಯಲ್ಲಿ ಬರೆದ ಕೆಂಪು ರಟ್ಟಿನ ಚೋಪಡಾ ಎಂಬ ಲೆಕ್ಕದ ಪುಸ್ತಕಗಳನ್ನು ದೀಪಾವಳಿಯಲ್ಲಿ ಪೂಜೆ ಮಾಡಿ ಹೊಸ ವರ್ಷದ ಲೆಕ್ಕ ಆರಂಭಿಸುವುದು ಹಿಂದೂ ಮತ್ತು ಜೈನ ಮನೆತನಗಳಲ್ಲಿ ಆಫ್ರಿಕಾದಲ್ಲೂ ನಡೆದುಬಂತು. ಆ ಪುಸ್ತಕದಲ್ಲಿ ಊರಿನವರೆಲ್ಲರ ಹೆಸರಿತ್ತು; ಆದರೆ ಅದನ್ನು ಊರಿನವರು ಯಾರೂ ಓದಲಾರರು. ತನ್ನ ಸಾಲವೆಷ್ಟೆಂದು ಸಾಲಗಾರ ಅಂಗಡಿಯವನ ಬಾಯಿಂದಲೇ ಕೇಳಬೇಕು. ನಂಬಿಕೆ ಹುಟ್ಟಿದ್ದೂ ಅಲ್ಲೇ, ಅನುಮಾನ ಬೆಳೆದದ್ದೂ ಅಲ್ಲೇ.

ಈಗ ಮೂರನೆಯ ಮುಖಕ್ಕೆ, ಕಾನೂನಿನ ಕಡೆಗೆ ಬರುತ್ತೇನೆ.

ಭಾರತೀಯರು ಅಲ್ಲಿ ಯಾಕೆ ಅಂಗಡಿಯನ್ನೇ ಹಿಡಿದರು, ಹೊಲ ಯಾಕೆ ಮಾಡಲಿಲ್ಲ ಎಂದು ಕೇಳುವವರಿದ್ದಾರೆ. ಕೀನ್ಯಾದ ಎತ್ತರದ ಫಲವತ್ತಾದ ಭೂಮಿಯನ್ನು ವಸಾಹತು ಸರ್ಕಾರ ಬಿಳಿಯರಿಗೆ ಮೀಸಲಿಟ್ಟಿತು. 1923ರ ಡೆವನ್‌ಶೈರ್ ಶ್ವೇತಪತ್ರ ಆ ಮೀಸಲನ್ನು ಉಳಿಸಿತು. ಮೇಲಿನ ಅಧಿಕಾರ ಬಿಳಿಯರದು, ನೆಲದ ದುಡಿಮೆ ಆಫ್ರಿಕನ್ನರದು, ನಡುವಿನ ಅಂಗಡಿ ಭಾರತೀಯರದು ಎಂಬ ಮೂರು ಅಂತಸ್ತಿನ ಏರ್ಪಾಡು ತಾನಾಗಿ ಆದದ್ದಲ್ಲ, ಮಾಡಿದ್ದು. ಅದೇ ಸರ್ಕಾರ ಆಫ್ರಿಕನ್ನರಿಗೆ ಕೊಟ್ಟ ಸಾಲವನ್ನು ಕೋರ್ಟಿನಲ್ಲಿ ವಸೂಲು ಮಾಡುವುದಕ್ಕೆ ನಿರ್ಬಂಧ ಹಾಕಿತು. ಸಾಲದ ಶೂಲದಿಂದ ಅವರನ್ನು ಕಾಪಾಡಲು ಎಂದು ಕಾರಣ ಕೊಟ್ಟಿತು. ಫಲವೇನಾಯಿತು? ಒಂದು ಕಟ್ಟು ತಗಡಿಗೆ ಬಾಯಿಮಾತಿನ ಉದ್ರಿ ಸಿಕ್ಕಿತು. ಆದರೆ ತಾನೇ ಒಂದು ಕಬ್ಬಿಣದಂಗಡಿ ತೆರೆಯಬೇಕೆಂದ ಆಫ್ರಿಕನ್ನನಿಗೆ ಬೇಕಾದ ದೊಡ್ಡ ಸಾಲ ಬ್ಯಾಂಕಿನಿಂದಲೂ ಸಿಗಲಿಲ್ಲ, ಸಗಟು ವ್ಯಾಪಾರಿಯಿಂದಲೂ ಸಿಗಲಿಲ್ಲ. ಊರಿನಿಂದ ಬಂದ ಸೋದರಳಿಯನಿಗೆ ಬೇಕಾಗಿದ್ದದ್ದು ಸೋದರಮಾವನ ಒಂದು ಮಾತು ಮಾತ್ರ. ವ್ಯಾಪಾರದಲ್ಲಿ ಆಫ್ರಿಕನ್ನರು ಹಿಂದುಳಿದದ್ದು ಜಾಣ್ಮೆಯ ಕೊರತೆಯಿಂದಲ್ಲ, ಬಂಡವಾಳದ ಬಾಗಿಲು ಮುಚ್ಚಿದ್ದರಿಂದ. ಇದು ನನ್ನ ಖಚಿತ ನಿಲುವು.

ಈ ಮುಚ್ಚಿದ ಬಾಗಿಲಿನ ಬಗ್ಗೆ ಆಫ್ರಿಕನ್ನರಲ್ಲಿದ್ದ ಸಿಟ್ಟು ಸ್ವಾತಂತ್ರ್ಯಕ್ಕೆ ಮುಂಚೆಯೇ ಬೀದಿಗೆ ಬಂತು. 1959ರಲ್ಲಿ ಬುಗಾಂಡದಲ್ಲಿ ಆಗಸ್ಟಿನ್ ಕಾಮ್ಯಾ ಅವರ ಮುಂದಾಳತ್ವದಲ್ಲಿ ಏಷ್ಯನ್ ಅಂಗಡಿಗಳ, ಅಂದರೆ ಭಾರತೀಯ ಮೂಲದವರ ಅಂಗಡಿಗಳ, ಬಹಿಷ್ಕಾರ ಆರಂಭವಾಗಿ ತಿಂಗಳುಗಟ್ಟಲೆ ನಡೆಯಿತು. ಹಳ್ಳಿಗಳ ಎಷ್ಟೋ ಅಂಗಡಿಗಳು ಆಗಲೇ ಬಾಗಿಲು ಹಾಕಿದವು. ಕೀನ್ಯಾ 1967ರಲ್ಲಿ ವ್ಯಾಪಾರ ಪರವಾನಗಿ ಕಾಯ್ದೆ ತಂದು, ಪೌರತ್ವ ಪಡೆಯದವರು ಎಲ್ಲಿ ಯಾವ ಸರಕು ಮಾರಬಾರದೆಂದು ಗೆರೆ ಎಳೆಯಿತು. ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದವರು ಲಂಡನ್ನಿನ ವಿಮಾನ ಹತ್ತತೊಡಗಿದರು. 1968ರಲ್ಲಿ ಬ್ರಿಟಿಷ್ ಸಂಸತ್ತು ಕೆಲವೇ ದಿನಗಳಲ್ಲಿ ಕಾಯ್ದೆಯೊಂದನ್ನು ಅಂಗೀಕರಿಸಿ, ತನ್ನದೇ ಪಾಸ್‌ಪೋರ್ಟ್ ಹೊಂದಿದ ಈ ಜನರಿಗೆ ಬಾಗಿಲನ್ನು ಅರ್ಧ ಮುಚ್ಚಿತು.

ಉಗಾಂಡದ ಕಥೆ ನಿಮಗೆ ಗೊತ್ತಿರುವುದೇ. 1972ರ ಆಗಸ್ಟ್ 4ರಂದು ಇದಿ ಅಮೀನ್ ಏಷ್ಯನ್ನರ ಉಚ್ಚಾಟನೆಯನ್ನು ಸಾರಿದ. ಕೊಟ್ಟ ಗಡುವು 90 ದಿನ. 50,000ಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಕುಟುಂಬವೊಂದಕ್ಕೆ ಒಯ್ಯಲು ಅನುಮತಿಯಿದ್ದ ಹಣ 50 ಪೌಂಡು. ಮುಲ್ಜಿಭಾಯಿಯವರ ಮಗ ಮನುಭಾಯಿ ಮಾಧ್ವಾನಿಯವರನ್ನು ಮಕಿಂಡ್ಯೆಯ ಸೆರೆಯಲ್ಲಿ ಇಟ್ಟರು. ಅಂಗಡಿಗಳನ್ನು ಸೈನಿಕರಿಗೂ ಆಡಳಿತಕ್ಕೆ ಬೇಕಾದವರಿಗೂ ಹಂಚಿದರು. ಅವರು ಕಪಾಟಿನಲ್ಲಿದ್ದದ್ದನ್ನು ಮಾರಿ ಮುಗಿಸಿದರು, ಮತ್ತೆ ತುಂಬಿಸಲಾಗಲಿಲ್ಲ. ಕಬ್ಬಿಣದಂಗಡಿಯ ಆಸ್ತಿ ಕಪಾಟಿನ ಸರಕಷ್ಟೇ ಅಲ್ಲ; ಮೊಂಬಾಸಾದ ಸಗಟಿನವನ ನಂಬಿಕೆ, ಯಾವ ಹಂಗಾಮಿಗೆ ಏನು ತರಿಸಬೇಕೆಂಬ ಅರಿವು, ಉದ್ರಿಯ ನೆನಪು. ಸರ್ಕಾರಿ ಆಜ್ಞೆಯಿಂದ ಅದನ್ನು ವರ್ಗಾಯಿಸಲು ಬರುವುದಿಲ್ಲ. ಮೊಳೆಯಿಲ್ಲದೆ, ತಗಡಿಲ್ಲದೆ, ಗುದ್ದಲಿಯಿಲ್ಲದೆ ಬವಣೆಪಟ್ಟವರು ಯಾರ ಹೆಸರಿನಲ್ಲಿ ಉಚ್ಚಾಟನೆ ನಡೆಯಿತೋ ಅದೇ ಉಗಾಂಡದ ರೈತರು. ಅನ್ಯಾಯವನ್ನು ಇನ್ನೊಂದು ಅನ್ಯಾಯದಿಂದ ತಿದ್ದಲು ಹೋದದ್ದರ ಬೆಲೆಯನ್ನು ಆ ದೇಶ ಹತ್ತಾರು ವರ್ಷ ತೆತ್ತಿತು.

ಹೋದವರ ವಿಚಾರವನ್ನು ಚುಟುಕಾಗಿ ಹೇಳುತ್ತೇನೆ. ಸುಮಾರು 27,000 ಮಂದಿ ಬ್ರಿಟನ್ ಸೇರಿದರು. ನಮ್ಮ ಊರಿಗೆ ಬರಬೇಡಿ ಎಂದು ಲೆಸ್ಟರ್ ನಗರಸಭೆ ಉಗಾಂಡ ಆರ್ಗಸ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಆದರೂ ಸಾವಿರಾರು ಜನ ಅಲ್ಲಿಗೇ ಹೋಗಿ, ಬೆಲ್‌ಗ್ರೇವ್ ರಸ್ತೆಯಲ್ಲಿ ಅಂಗಡಿ ಹಾಕಿದರು. ಮಾಧ್ವಾನಿಗಳು 1980ರ ದಶಕದಲ್ಲಿ ಮರಳಿ ಬಂದು ಕಾಕಿರಾವನ್ನು ಮತ್ತೆ ಕಟ್ಟಿದರು. ಸಣ್ಣ ಅಂಗಡಿಕಾರರು ಬಹುಪಾಲು ಹಿಂತಿರುಗಲಿಲ್ಲ. ಕೀನ್ಯಾದಲ್ಲಿ ಉಳಿದವರು ಅಂಗಡಿಯಿಂದ ಕಾರ್ಖಾನೆಗೆ ದಾಟಿದರು. ಜಾಮ್‌ನಗರ ಸೀಮೆಯ ಓಸ್ವಾಲ ಮನೆತನವಾದ ಚಂದಾರಿಯಾ ಅವರು ಮೊದಲು ಅಲ್ಯೂಮಿನಿಯಂ ಪಾತ್ರೆಗಳನ್ನೂ, 1962ರಿಂದ ಮಬಾಟಿ ರೋಲಿಂಗ್ ಮಿಲ್ಸ್ ಮೂಲಕ ತಗಡನ್ನೂ ಅಲ್ಲೇ ತಯಾರಿಸಿದರು. 2017ರ ಜುಲೈಯಲ್ಲಿ ಕೀನ್ಯಾ ಸರ್ಕಾರ ಏಷ್ಯನ್ ಮೂಲದ ಪ್ರಜೆಗಳನ್ನು ದೇಶದ 44ನೆಯ ಬುಡಕಟ್ಟೆಂದು ಮಾನ್ಯ ಮಾಡಿತು. ಇಂದು ಅಲ್ಲಿನ ಸಣ್ಣ ಊರುಗಳ ಹಾರ್ಡ್‌ವೇರ್ ಅಂಗಡಿಗಳ ಕಟ್ಟೆಯ ಹಿಂದೆ ಕೂತವರಲ್ಲಿ ಹೆಚ್ಚಿನವರು ಆಫ್ರಿಕನ್ನರೇ. ಆಗಬೇಕಾಗಿದ್ದದ್ದೂ ಅದೇ.

ಉದ್ಯಮಶೀಲತೆಯ ಕಥೆಯೋ ಶೋಷಣೆಯ ಕಥೆಯೋ ಎಂದು ನೀವು ಕೇಳಿದರೆ, ಒಂದನ್ನೇ ಆರಿಸಿ ಹೇಳಿದವರು ಅರ್ಧ ಪುಸ್ತಕವನ್ನಷ್ಟೇ ಓದಿದ್ದಾರೆ ಎಂದು ಉತ್ತರಿಸುತ್ತೇನೆ. ಅಂಗಡಿಕಾರರ ಮೊಮ್ಮಕ್ಕಳು ಲಂಡನ್ನಿನಲ್ಲಿ, ಟೊರಾಂಟೊದಲ್ಲಿ ಕೂತು ತಮ್ಮ ನೆನಪುಗಳನ್ನು ಬರೆದಿದ್ದಾರೆ, ಇನ್ನೂ ಬರೆಯುತ್ತಿದ್ದಾರೆ. ಆ ಉದ್ರಿ ಪುಸ್ತಕದಲ್ಲಿ ಹೆಸರಿದ್ದ ರೈತನ, ತಗಡು ಕತ್ತರಿಸಿದ ಸಹಾಯಕನ ಕಡೆಯ ಬರಹ ಅದರ ಕಾಲು ಭಾಗವೂ ಇಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಮ್ಮ ತಾಲ್ಲೂಕು ಊರುಗಳಲ್ಲೂ ರಾಜಸ್ಥಾನದಿಂದ, ಗುಜರಾತಿನಿಂದ ಬಂದು ಎರಡು ಮೂರು ತಲೆಮಾರು ಕಳೆದ ಕುಟುಂಬಗಳ ಹಾರ್ಡ್‌ವೇರ್ ಅಂಗಡಿಗಳಿವೆ. ಲೆಕ್ಕವೆಲ್ಲ ಕಂಪ್ಯೂಟರಿಗೆ ಏರಿದ ಮೇಲೆ ಹಳೆಯ ಕಿರ್ದಿ, ಖತಾವಣಿಗಳು ರದ್ದಿಗೆ ಹೋಗುತ್ತಿವೆ. ಈ ಬೇಸಿಗೆ ರಜೆಯಲ್ಲಿ ನಿಮ್ಮ ಊರಿನ ಅಂಥ ಒಂದು ಅಂಗಡಿಗೆ ಹೋಗಿ. ಹಿರಿಯರ ಅನುಮತಿ ಕೇಳಿ ಆ ಪುಸ್ತಕಗಳ ಪುಟಗಳನ್ನು ಫೋಟೊ ತೆಗೆದಿಡಿ. ಅಂಗಡಿಯವರ ಮಾತನ್ನು ಬರೆದುಕೊಳ್ಳಿ. ಅಲ್ಲಿ ಸರಕು ಹೊತ್ತವರ ಮಾತನ್ನೂ, ಉದ್ರಿ ತಂದ ರೈತರ ಮಾತನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಳ್ಳಿ. ಅದನ್ನೆಲ್ಲ ಈ ಇತಿಹಾಸ ವಿಭಾಗದ ಗ್ರಂಥಾಲಯಕ್ಕೆ ಒಪ್ಪಿಸಿ.